ಗುರುತಿದ್ದ ಮೊಟ್ಟೆ

ಹೊಸ ಅಧಿಕಾರಿ ಬಂದು ಮೂರು ತಿಂಗಳಾದರೂ ಕಾವಮ್ಮನ ನಿಜವಾದ ಹೆಸರು ಕಾವಮ್ಮ ಅಲ್ಲ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಗಿಣಿಗಳ ಗೂಡು, ಮೊಟ್ಟೆ, ಕಾವು ಅಂತಲೇ ಬದುಕಿದವಳಿಗೆ ಜೊತೆಯವರು ಇಟ್ಟ ಅಡ್ಡಹೆಸರು ಅದು. ಅಧಿಕಾರಿಗಳು ಅದನ್ನೇ ನಂಬಿ ಹಾಜರಿ ಪುಸ್ತಕದಲ್ಲಿ ದುಂಡಗೆ ‘ಶ್ರೀಮತಿ ಕಾವಮ್ಮ’ ಎಂದು ಬರೆದುಬಿಟ್ಟಿದ್ದರು. ಅವಳೂ ತಿದ್ದಲು ಹೋಗಲಿಲ್ಲ. ಜೊತೆಯವರು ಅವರಿಗೂ ಒಂದು ಹೆಸರು ಇಟ್ಟಿದ್ದರು, ಅದನ್ನೂ ಯಾರೂ ಅವರಿಗೆ ಹೇಳಿರಲಿಲ್ಲ. ಆ ಹೆಸರು ‘ವಂಶೋದ್ಧಾರಕ’.

ಹೆಸರು ಅನ್ಯಾಯದ್ದೇನಲ್ಲ. ಆ ಜಾತಿಯ ಗಿಣಿ, ಹಣೆಯ ಮೇಲೆ ಇಟ್ಟಿಗೆ ಬಣ್ಣದ ಪಟ್ಟೆ ಇರುವ ಹಸಿರು ಗಿಣಿ, ಕಾಡಿನಲ್ಲಿ ನೂರರೊಳಗೆ ಉಳಿದಿತ್ತು. ಪಂಜರದಲ್ಲಿ ಮರಿ ಮಾಡಿಸಿ, ಹಾರಲು ಬಂದ ಮೇಲೆ ಕಾಡಿಗೆ ಬಿಡುವುದು ಆ ಕೇಂದ್ರದ ಕೆಲಸ. ಯಾವ ಹೆಣ್ಣಿಗೆ ಯಾವ ಗಂಡು ಎಂದು ಅಜ್ಜ ಮುತ್ತಜ್ಜರ ತನಕ ವಂಶಾವಳಿ ತೆಗೆದು ಗೊತ್ತುಮಾಡುವುದು ಸಾಹೇಬರ ಜವಾಬ್ದಾರಿ. ಕಂಪ್ಯೂಟರಿನಲ್ಲಿ ಅವರು ಗಿಣಿಗಳ ಸಂಬಂಧ ಕುದುರಿಸುವುದನ್ನು ನೋಡಿದರೆ, ನಾಲ್ಕು ಹೆಣ್ಣುಮಕ್ಕಳ ಅಪ್ಪ ಕೂಡ ಅಷ್ಟು ತಲೆ ಕೆಡಿಸಿಕೊಂಡಿರಲಾರ. ಆದರೆ ಗಿಣಿಗಳು ಕಂಪ್ಯೂಟರ್ ನೋಡುವುದಿಲ್ಲ, ಅಷ್ಟೇ ತೊಂದರೆ.

ಅದರಲ್ಲೂ ಹನ್ನೊಂದು ಮತ್ತು ಮೂವತ್ತನಾಲ್ಕು. ಕಾಲಿನ ಉಂಗುರದಲ್ಲಿದ್ದ ಸಂಖ್ಯೆಯೇ ಅವುಗಳ ಹೆಸರು. ಆರು ವರ್ಷದ ಹಿಂದೆ ಇವೆರಡನ್ನು ಗಂಡ ಹೆಂಡತಿ ಎಂದುಕೊಂಡೇ ಒಂದು ಗೂಡಿಗೆ ಬಿಟ್ಟಿದ್ದರು. ಈ ಜಾತಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ಮೂರು ಮೊಟ್ಟೆ ಇಡಬೇಕಾದ ಜಾಗದಲ್ಲಿ ಆರು ಮೊಟ್ಟೆ ಕಂಡಾಗ ಆಗಿನ ಅಧಿಕಾರಿಗಳು ಹಿಗ್ಗಿ, ಇದೊಂದು ಮಹಾ ಫಲವಂತ ಹೆಣ್ಣು ಎಂದು ವರದಿ ಬರೆದರು. ಆರೂ ಹುಸಿಯಾದವು. ಮರುವರ್ಷವೂ ಆರು, ಮರುವರ್ಷವೂ ಹುಸಿ. ಕೊನೆಗೆ ಗರಿ ಕಿತ್ತು ಪರೀಕ್ಷೆಗೆ ಕಳಿಸಿದಾಗ ಉತ್ತರ ಬಂತು: ಎರಡೂ ಹೆಣ್ಣು. ಅಂದಿನಿಂದ ಅವುಗಳಿಗೆ ‘ಓರಗಿತ್ತಿಯರು’ ಎಂದು ಹೆಸರಾಯಿತು. ಒಂದನ್ನೊಂದು ಬೈದುಕೊಂಡೇ ಒಂದಕ್ಕೊಂದು ತುತ್ತಿಡುತ್ತಿದ್ದವು. ಒಂದು ಕಾವಿಗೆ ಕೂತರೆ ಇನ್ನೊಂದು ಬಾಗಿಲು ಕಾಯುತ್ತಿತ್ತು. ಕೈ ಹಾಕಿದವರ ಬೆರಳು ಮನೆಗೆ ಪೂರ್ತಿಯಾಗಿ ಹೋಗುತ್ತಿರಲಿಲ್ಲ.

ವಂಶೋದ್ಧಾರಕರು ಬಂದ ಹೊಸದರಲ್ಲೇ ಆ ಗೂಡಿನ ಮುಂದೆ ನಿಂತು ಕೇಳಿದ್ದರು.

“ಎರಡೂ ಹೆಣ್ಣು. ಆರು ವರ್ಷ ಒಂದೇ ಗೂಡಲ್ಲಿಟ್ಟು ಏನು ಸಾಧಿಸಿದ ಹಾಗಾಯ್ತು, ಕಾವಮ್ಮನವರೇ?”

“ಕಾವು ಚೆನ್ನಾಗಿ ಕೊಡ್ತವೆ ಸಾರ್. ಬೇರೆಯವರ ಮೊಟ್ಟೆ ಇಟ್ಟು ಒಂದ್ಸಲ ನೋಡೋಣ. ಸಾಕಿ ಕೊಡ್ತವೆ.”

“ಕಾವು ಕೊಡೋದಕ್ಕೆ ಯಂತ್ರ ಇದೆಯಲ್ಲ.”

“ಯಂತ್ರಕ್ಕೆ ಮೊಟ್ಟೆ ಕೊಟ್ಟು ಕೊಟ್ಟು ನೋಡಿದೀವಿ ಸಾರ್. ಹೋದ ವರ್ಷ ಒಂದೇ ಹೆಣ್ಣಿನ ಆರು ಮೊಟ್ಟೇಲಿ ಉಳಿದಿದ್ದು ಒಂದು.”

“ಜೋಡಿ ಅಂದ್ರೆ ಒಂದು ಗಂಡು, ಒಂದು ಹೆಣ್ಣು. ಇದು ಜೋಡಿ ಅಲ್ಲ. ಇದು ಬರೀ ಜೊತೆಗಿರೋದು.” ಅವರು ಕೈಚೀಲದಿಂದ ಹಾಳೆ ತೆಗೆದು ತೋರಿಸಿದರು. “ಇನ್ನು ಮೂರು ತಿಂಗಳಿಗೆ ವ್ಯಾನ್ ಬರತ್ತೆ. ಒಂದು ಉತ್ತರದ ಕೇಂದ್ರಕ್ಕೆ, ಒಂದು ದಕ್ಷಿಣದ ಕೇಂದ್ರಕ್ಕೆ. ಎರಡೂ ಕಡೆ ಗಂಡು ಸಿದ್ಧವಾಗಿದೆ.”

ಮಾತು ಅಲ್ಲಿಗೆ ಮುಗಿಯಿತು. ಆದರೆ ‘ಬರೀ ಜೊತೆಗಿರೋದು’ ಎನ್ನುವುದು ಕಾವಮ್ಮನ ಜೊತೆ ಬಸ್ಸು ಹತ್ತಿ ಮನೆಗೆ ಬಂತು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ನಾದಿನಿ. ಇಬ್ಬರ ನಡುವೆ ಸಂಬಂಧದ ಗಂಟಾಗಿದ್ದ ಮನುಷ್ಯ, ಒಬ್ಬಳ ಗಂಡ, ಇನ್ನೊಬ್ಬಳ ಅಣ್ಣ, ತೀರಿಕೊಂಡು ನಾಲ್ಕು ವರ್ಷ. ಅವನಿದ್ದಾಗ ಇಬ್ಬರೂ ಅವನ ಮೂಲಕವೇ ಜಗಳವಾಡುತ್ತಿದ್ದರು. ಅವನು ಹೋದ ಮೇಲೆ ನೇರವಾಗಿ ಆಡತೊಡಗಿದರು, ಅದರಲ್ಲಿ ಏನೋ ಒಂದು ಸುಖವಿತ್ತು. ಕೆಳಮನೆಯಾಕೆ ಒಮ್ಮೆ ಮೆಟ್ಟಿಲ ಹತ್ತಿರ ಅಡ್ಡಹಾಕಿ, “ಅವರೇ ಇಲ್ದಮೇಲೆ ಅತ್ತಿಗೆ ನಾದಿನಿ ಅನ್ನೋದು ಯಾವ ಲೆಕ್ಕದ ಸಂಬಂಧ?” ಎಂದು ಕೇಳಿದ್ದಳು. ಕಾವಮ್ಮ ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮೆಟ್ಟಿಲು ಹತ್ತಿದ್ದಳು. ಯಾವ ಲೆಕ್ಕಕ್ಕೂ ಸಿಗದೆಯೇ ದಿನಗಳು ಸಲೀಸಾಗಿ ನಡೆಯುತ್ತಿದ್ದವು, ಬಚ್ಚಲಿನ ಕನ್ನಡಿಯ ಮುಂದೆ ಯಾರು ಮೊದಲು ಎಂಬುದೊಂದನ್ನು ಬಿಟ್ಟರೆ.

ನಾದಿನಿ ಮೂವತ್ತು ವರ್ಷ ಕಟ್ಟುಹಲ್ಲು ಮಾಡಿದವಳು. ಹಲ್ಲಿನ ಡಾಕ್ಟರು ಅಚ್ಚು ಕಳಿಸುತ್ತಿದ್ದರು, ಇವಳು ಹಲ್ಲು ಕಳಿಸುತ್ತಿದ್ದಳು. ಮುಖ ನೋಡದೆ ಬಾಯಿ ಮಾತ್ರ ಕಂಡವಳು. ಕೆಲಸ ಬಿಟ್ಟ ಮೇಲೂ ಪುಡಿ, ದ್ರವ, ಸಣ್ಣ ಅರಗಳು ಅಡುಗೆಮನೆಯ ಕಪಾಟಿನ ಕೆಳಗಿನ ಖಾನೆಯಲ್ಲೇ ಉಳಿದುಕೊಂಡಿದ್ದವು. ಗೂಡುಗಳಿಗೆ ಸುಳ್ಳುಮೊಟ್ಟೆ ಬೇಕು ಎಂದು ಕಾವಮ್ಮ ಒಂದು ದಿನ ಹೇಳಿದ್ದೇ ನೆಪವಾಯಿತು. ಹೆಣ್ಣು ಇಟ್ಟ ಮೊಟ್ಟೆಯನ್ನು ತೆಗೆದರೆ ಅದು ಗಾಬರಿಯಾಗುತ್ತದೆ, ಮತ್ತೆ ಮತ್ತೆ ಇಟ್ಟು ಸೊರಗುತ್ತದೆ. ಅದರ ಜಾಗದಲ್ಲಿ ಒಂದು ಸುಳ್ಳುಮೊಟ್ಟೆ ಇಟ್ಟರೆ ಸಮಾಧಾನವಾಗಿ ಕೂರುತ್ತದೆ. ಕೇಂದ್ರದವರು ತರಿಸುತ್ತಿದ್ದ ಮರದ ಮೊಟ್ಟೆ ನೋಡಿ ನಾದಿನಿ ನಕ್ಕಿದ್ದಳು. “ಇದು ಮೊಟ್ಟೆಯೇನೇ ಅತ್ತಿಗೆ? ಬಾಗಿಲಿನ ಹಿಡಿ.” ಅಂದಿನಿಂದ ಆ ಕಟ್ಟುಹಲ್ಲಿನ ಪುಡಿಯಲ್ಲಿ ಅವಳು ಮಾಡಿದ ಮೊಟ್ಟೆಗಳು ಎಷ್ಟು ಚೆಂದವೆಂದರೆ, ಅದೇ ಮಾಸಲು ಬಿಳುಪು, ಅದೇ ನವಿರಾದ ಒರಟು, ಅದೇ ಇಪ್ಪತ್ತೆರಡು ಗ್ರಾಂ.

“ನಿಜದ್ದು ಯಾವುದು, ನಿಂದು ಯಾವುದು ಅಂತ ನನಗೇ ತಿಳಿಯಲ್ಲ. ಏನಾದ್ರೂ ಒಂದು ಗುರುತು ಹಾಕು,” ಎಂದು ಕಾವಮ್ಮ ಕೇಳಿಕೊಂಡಿದ್ದಳು.

“ಒಳ್ಳೆ ಹಲ್ಲಿಗೆ ಯಾರಾದ್ರೂ ಮಸಿ ಬಳೀತಾರಾ?”

“ನಿನ್ನ ಹಲ್ಲು ಬಾಯಲ್ಲಿರತ್ತೆ. ಇದು ಗೂಡಲ್ಲಿರತ್ತೆ. ನಿಜವಾದ ಮೊಟ್ಟೆ ಮೇಲೆ ನಾನು ಬರೆಯೋ ಹಾಗಿಲ್ಲ. ಚಿಪ್ಪು ಉಸಿರಾಡತ್ತೆ. ನನಗೆ ಕೆಲಸ ಕಲಿಸಿದ ಮುದುಕ ಹೇಳ್ತಿದ್ದ, ಜೀವ ಇರೋದರ ಮೇಲೆ ಬರೀಬಾರದು ಅಂತ.”

ಕೊನೆಗೆ ನಾದಿನಿ ಒಪ್ಪಿದಳು, ಆದರೆ ತನ್ನ ಘನತೆಗೆ ತಕ್ಕ ಹಾಗೆ. ಪ್ರತಿ ಮೊಟ್ಟೆಯ ಬುಡದಲ್ಲಿ ಪೆನ್ಸಿಲಿನಿಂದ ತನ್ನ ಕ್ರಮಸಂಖ್ಯೆ ಬರೆಯತೊಡಗಿದಳು. ಈ ವರ್ಷ ನಲವತ್ತೊಂದರ ತನಕ ಬಂದಿದ್ದಳು.

ಎಲ್ಲ ಫಜೀತಿಗೂ ಕಾರಣವಾದದ್ದು ಆ ನಲವತ್ತೊಂದೇ.

ಮಹಾರಾಣಿ ಎಂಬ ಹೆಣ್ಣು ಮೊಟ್ಟೆ ಇಡುವುದರಲ್ಲಿ ಶೂರೆ, ಕೂರುವುದರಲ್ಲಿ ಸೋಮಾರಿ. ಇಟ್ಟದ್ದನ್ನು ಕಾಲಿನಿಂದ ಆಚೆ ತಳ್ಳುವುದೂ ಉಂಟು. ಅದರ ಗಂಡ ಒಂಟಿಗಣ್ಣ, ಕಾಡಿನ ಒಂದು ಮೂಲೆಯಿಂದ ಬಂದ ಒಂದು ವಂಶದ ಕೊನೆಯ ಹಕ್ಕಿ. ವಯಸ್ಸಾಗಿ ಆ ವಸಂತದಲ್ಲೇ ಸತ್ತಿತ್ತು. ಅದು ಸತ್ತ ಹತ್ತನೇ ದಿನಕ್ಕೆ ಮಹಾರಾಣಿ ಒಂದು ಮೊಟ್ಟೆ ಇಟ್ಟಿತು. ಒಂದೇ ಒಂದು. ಒಂಟಿಗಣ್ಣನ ವಂಶ ಪೂರ್ತಿ ಆ ಇಪ್ಪತ್ತೆರಡು ಗ್ರಾಮಿನೊಳಗೆ ಇತ್ತು.

ಅದೇ ದಿನ ಯಂತ್ರ ಕೆಟ್ಟಿತು. ರಿಪೇರಿಯವನು ನಾಳೆ ಬರುತ್ತೇನೆಂದ. ಒಂದು ದಿನಕ್ಕೆ ಮಾತ್ರ ಎಂಬ ಕರಾರಿನ ಮೇಲೆ ಸಾಹೇಬರು ಒಪ್ಪಿದರು, ಕಾವಮ್ಮ ಆ ಮೊಟ್ಟೆಯನ್ನು ತಂದು ಓರಗಿತ್ತಿಯರ ಗೂಡಿನಲ್ಲಿ, ಅವು ಕೂತಿದ್ದ ನಲವತ್ತೊಂದನೇ ಸುಳ್ಳುಮೊಟ್ಟೆಯ ಪಕ್ಕದಲ್ಲಿ ಇಟ್ಟಳು. ಮರುದಿನ ಮಧ್ಯಾಹ್ನ ಯಂತ್ರ ಸರಿಯಾಯಿತು.

“ನಾನೇ ತೆಗೀತೀನಿ. ಇಂಥ ಮೊಟ್ಟೆಯ ಜವಾಬ್ದಾರಿ ಬೇರೆಯವರ ಮೇಲೆ ಹಾಕಬಾರದು,” ಎಂದರು ಸಾಹೇಬರು. ಮೊಣಕೈ ತನಕ ಚರ್ಮದ ಕೈಗವಸು ತೊಟ್ಟರು. ಕಾವಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಳು. ಅವರು ಕೈ ಹಾಕಿದರು. ಒಳಗೆ ಮಹಾಭಾರತವೇ ನಡೆಯಿತು. ಒಂದು ನಿಮಿಷದಲ್ಲಿ ಅವರು ಬೆವೆತು ಕೈ ಎಳೆದುಕೊಂಡರು. ಅಂಗೈಯಲ್ಲಿ ಒಂದು ಮೊಟ್ಟೆ ಇತ್ತು. ತಿರುಗಿಸಿ ಬುಡ ನೋಡಿ ಅವರ ಮುಖ ಅರಳಿತು.

“ಸಂಖ್ಯೆ ಹಾಕಿದ್ದೀರಿ. ಒಳ್ಳೆ ಕೆಲಸ. ನಾನಿದ್ದ ದೊಡ್ಡ ಕೇಂದ್ರದಲ್ಲೂ ಹೀಗೇ, ನಿಜವಾದ್ದಕ್ಕೆ ಪೆನ್ಸಿಲ್ ಗುರುತು, ಸುಳ್ಳಿನದಕ್ಕೆ ಏನೂ ಇಲ್ಲ.” ಮತ್ತೆ ದಫ್ತರದಲ್ಲಿ ಬರೆದುಕೊಂಡರು: ‘ಮೊಟ್ಟೆ ಸಂಖ್ಯೆ ೪೧. ತೂಕ ೨೨ ಗ್ರಾಂ.’

ಕಾವಮ್ಮ ಬಾಯಿ ತೆರೆದಳು. ಒಂದೇ ಮಾತು ಸಾಕಿತ್ತು, ‘ಸಾರ್, ಇಲ್ಲಿ ಉಲ್ಟಾ’. ಅದು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಸಾಹೇಬರು ಗೂಡಿನ ಕಡೆ ನೋಡಿ, “ಈ ಎರಡನ್ನು ಕಳಿಸಿದರೆ ಈ ಗೂಡನ್ನ ಒಂದು ಸರಿಯಾದ ಜೋಡಿಗೆ ಕೊಡಬಹುದು,” ಎಂದರು. ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವರು ನಲವತ್ತೊಂದನ್ನು ಕಣ್ಣಿನ ಪಾಪೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು, ಮೇಲಿನ ಯಂತ್ರದ ಕೋಣೆಗೆ ಹೋದರು.

ಸಂಜೆ ಮನೆಯಲ್ಲಿ ವಿಷಯ ಕೇಳಿದ ನಾದಿನಿ ಚಹಾದ ಲೋಟ ಕೆಳಗಿಟ್ಟಳು.

“ಅಂದ್ರೆ ನನ್ನ ಮೊಟ್ಟೆ ಈಗ ಯಂತ್ರದಲ್ಲಿ ಕೂತಿದೆಯಾ?”

“ಕೂತಿದೆ. ಗಂಟೆಗೊಂದ್ಸಲ ಯಂತ್ರ ಅದನ್ನ ಮಗ್ಗುಲು ಬದಲಾಯಿಸತ್ತೆ.”

“ನನ್ನ ಮಗ್ಗುಲು ಬದಲಾಯಿಸೋಕೂ ಯಾರೂ ಇಲ್ಲ.” ಅವಳು ಒಂದು ಗಳಿಗೆ ಆ ಗೌರವವನ್ನು ಸವಿದಳು. ಆಮೇಲೆ ಕೇಳಿದಳು, “ನಾಳೆ ಹೇಳ್ತೀಯಾ?”

“ನಾಳೆ ಹೇಳ್ತೀನಿ.”

“ಹೇಳು. ಇಲ್ಲ, ನಾಳಿದ್ದು ಹೇಳು. ಒಂದು ದಿನ ಇರಲಿ ಪಾಪ.”

ನಾಳೆ ಹೋಯಿತು, ನಾಳಿದ್ದೂ ಹೋಯಿತು. ಕಾವಮ್ಮನಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿತ್ತು. ಎರಡು ದಾರಿ. ಹೇಳಿದರೆ ಮೊಟ್ಟೆ ಯಂತ್ರಕ್ಕೆ ಹೋಗುತ್ತದೆ, ಉಳಿದರೆ ಉಳಿದೀತು. ಓರಗಿತ್ತಿಯರು ಎರಡು ದಿಕ್ಕಿಗೆ ಹೋಗುವುದು ಖಂಡಿತ. ಹೇಳದಿದ್ದರೆ ಇಪ್ಪತ್ತಾರು ದಿನದಲ್ಲಿ ಮರಿ ಬರುತ್ತದೆ, ವ್ಯಾನ್ ಬರುವುದಕ್ಕೆ ಮೊದಲೇ. ಮರಿ ಎದುರಿಗಿದ್ದರೆ ಯಾರೂ ವಾದ ಮಾಡಬೇಕಿಲ್ಲ. ಬರದಿದ್ದರೆ? ಒಂಟಿಗಣ್ಣನ ವಂಶ ಮುಗಿಯುತ್ತದೆ, ತನ್ನ ಹತ್ತೊಂಬತ್ತು ವರ್ಷವೂ ಮುಗಿಯುತ್ತದೆ, ಮುಗಿಯಬೇಕು ಕೂಡ. ಆದರೂ ಬೆಳಿಗ್ಗೆ ಗೂಡಿನ ಮುಂದೆ ನಿಂತು, ಹನ್ನೊಂದು ಗರಿಯುಬ್ಬಿಸಿ ಕೂತಿರುವುದನ್ನೂ ಮೂವತ್ತನಾಲ್ಕು ಬಾಗಿಲಲ್ಲಿ ಸುಂಕದವನ ಹಾಗೆ ನಿಂತಿರುವುದನ್ನೂ ನೋಡಿದರೆ ಧೈರ್ಯ ವಾಪಸು ಬರುತ್ತಿತ್ತು. ಯಂತ್ರವನ್ನು ನೋಡಿ ಅವಳಿಗೆ ಎಂದೂ ಧೈರ್ಯ ಬಂದದ್ದಿಲ್ಲ.

ಏಳನೇ ದಿನ ಹನ್ನೊಂದು ನೀರಿಗೆ ಹೋದ ಹೊತ್ತು ನೋಡಿ ಅವಳು ಮೊಟ್ಟೆಗೆ ಟಾರ್ಚ್ ಹಿಡಿದಳು. ಒಳಗೆ ಕೆಂಪು ನೂಲಿನ ಎಳೆಗಳು, ಜೇಡರಬಲೆಯಷ್ಟು ತೆಳುವಾಗಿ, ನಡುವೆ ಒಂದು ಚುಕ್ಕೆ. ಚುಕ್ಕೆ ಅಲುಗಿತು. ಅವಳು ಟಾರ್ಚ್ ಆರಿಸಿ ಸುಮ್ಮನೆ ಗೋಡೆಗೆ ಒರಗಿ ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ನೋಡಿಲ್ಲ. ಪ್ರತಿ ಸಲವೂ ಮೊದಲ ಸಲದ ಹಾಗೇ.

ಅದೇ ದಿನ ಸಾಹೇಬರೂ ಮೇಲೆ ನಲವತ್ತೊಂದನ್ನು ದೀಪಕ್ಕೆ ಹಿಡಿದರು. ಕಾವಮ್ಮನನ್ನೂ ಕರೆಸಿದರು.

“ನೋಡಿ. ಏನೂ ಕಾಣ್ತಾ ಇಲ್ಲ. ಪೂರ್ತಿ ಕತ್ತಲು.”

“ಪೂರ್ತಿ ಕತ್ತಲೇ ಸಾರ್.”

ಅವರು ದಪ್ಪ ಪುಸ್ತಕದ ಹಾಳೆ ತಿರುವಿದರು. “ಮರಿ ಬೆಳೆದಷ್ಟೂ ಮೊಟ್ಟೆ ಕಪ್ಪಾಗಿ ಕಾಣತ್ತೆ ಅಂತ ಬರೆದಿದಾರೆ. ಏಳೇ ದಿನಕ್ಕೆ ಇಷ್ಟು! ಎಂಥ ಬೆಳವಣಿಗೆ.”

“ಇಷ್ಟು ಗಟ್ಟಿ ಮೊಟ್ಟೆ ಯಾವ ಹಕ್ಕಿ ಇಟ್ಟಿದ್ದೂ ನಾನು ನೋಡಿಲ್ಲ ಸಾರ್.”

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ದಿನಗಳಲ್ಲಿ ಕಾವಮ್ಮ ಸುಳ್ಳು ಹೇಳದಿರಲು ಬಹಳ ಎಚ್ಚರ ವಹಿಸಿದ್ದಳು. ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ.

ಸಾಹೇಬರಿಗೆ ಹಿಡಿದ ಚಿಂತೆ ಬೇರೆ. ಮೊಟ್ಟೆಯೊಳಗೆ ಮರಿ ಬೆಳೆದಂತೆ ನೀರು ಆರಿ ತೂಕ ದಿನದಿನಕ್ಕೂ ಇಳಿಯಬೇಕು. ಇದು ಇಳಿಯಲೊಲ್ಲದು. ಮೊದಲ ದಿನ ಇಪ್ಪತ್ತೆರಡು ಗ್ರಾಂ, ಹತ್ತನೇ ದಿನ ಇಪ್ಪತ್ತೆರಡು ಗ್ರಾಂ. ಯಂತ್ರದಲ್ಲಿ ತೇವ ಹೆಚ್ಚಾಗಿದೆ ಎಂದು ಅವರು ತೇವ ಇಳಿಸಿದರು. ಹನ್ನೆರಡನೇ ದಿನವೂ ಇಪ್ಪತ್ತೆರಡು. ಮತ್ತಷ್ಟು ಇಳಿಸಿದರು. ತಕ್ಕಡಿಯ ಮೇಲೆ ಅನುಮಾನ ಬಂದು ಹೊಸ ತಕ್ಕಡಿ ತರಿಸಿದರು. ಹೊಸದೂ ಇಪ್ಪತ್ತೆರಡೇ ಎಂದಿತು. ದೂರದ ಮೂವರು ಪಂಡಿತರಿಗೆ ಪತ್ರ ಬರೆದರು. ಒಬ್ಬರು ‘ಅಪರೂಪದ ಪ್ರಕರಣ, ಪ್ರಕಟಿಸಿ’ ಎಂದು ಉತ್ತರಿಸಿದರು. ಸಾಹೇಬರ ಕಣ್ಣ ಕೆಳಗೆ ಕಪ್ಪು ಬಂತು, ಊಟ ಅರ್ಧಕ್ಕೆ ಬಿಡತೊಡಗಿದರು.

“ಪಾಪ ಕಣೇ,” ಎಂದಳು ಕಾವಮ್ಮ ಮನೆಯಲ್ಲಿ.

“ಪಾಪ ಏನು? ನನ್ನ ಹಲ್ಲು ಇಪ್ಪತ್ತು ವರ್ಷ ಸವೆದಿಲ್ಲ. ಮೊಟ್ಟೆ ಹತ್ತು ದಿನಕ್ಕೆ ಸವೆಯತ್ತಾ?” ನಾದಿನಿಗೆ ತೂಕದ ವರದಿ ಪ್ರತಿದಿನ ಬೇಕಾಗಿತ್ತು. ಇಪ್ಪತ್ತೆರಡು ಎಂದು ಕೇಳಿದಾಗಲೆಲ್ಲ ಮಗಳು ಪರೀಕ್ಷೆಯಲ್ಲಿ ಪಾಸಾದಷ್ಟು ಹಿಗ್ಗು.

ಹದಿನೈದನೇ ದಿನ ಮಾತ್ರ ನಗು ಹಾರಿಹೋಯಿತು. ಸಾಹೇಬರು ಹಕ್ಕಿಗಳ ಓಣಿಯಲ್ಲಿ ಕ್ಯಾಮೆರಾ ಕೂರಿಸಲು ಗೋಡೆ ಕೊರೆಯುವವನನ್ನು ಕರೆಸಿದ್ದರು, ಯಾರಿಗೂ ಹೇಳದೆ. ಕೊರೆಯುವ ಸದ್ದಿಗೆ ಓರಗಿತ್ತಿಯರು ಎರಡೂ ಗೂಡು ಬಿಟ್ಟು ಹಾರಿ ಪಂಜರದ ತುದಿಯ ಕೊಂಬೆಗೆ ಅಂಟಿಕೊಂಡವು. ಕಾವಮ್ಮ ಓಡಿಹೋಗಿ ಪ್ಲಗ್ ಕಿತ್ತಳು. ಸದ್ದು ನಿಂತರೂ ಅವು ಬರಲಿಲ್ಲ. ಐದು ನಿಮಿಷ. ಹತ್ತು. ಗೂಡಿನ ಮರದ ಗೋಡೆಗೆ ಅಂಗೈ ಒತ್ತಿ ನಿಂತಳು, ತನ್ನ ಕೈಯ ಕಾವು ಹಲಗೆ ದಾಟಿ ಒಳಗೆ ಹೋದೀತು ಎಂಬ ಹಾಗೆ. ಹದಿನೈದು. ಇನ್ನು ಮೇಲೆ ಹೋಗಿ ಹೇಳಿಬಿಡುವುದೇ ಸರಿ ಎಂದು ಹೆಜ್ಜೆ ಎತ್ತಿದಾಗ ಮೂವತ್ತನಾಲ್ಕು, ಎಂದೂ ಬಾಗಿಲು ಬಿಟ್ಟು ಒಳಗೆ ಕೂರದ ಬಾಗಿಲುಕಾಯುವವಳು, ಹಾರಿ ಬಂದು ಸೀದಾ ಒಳಗೆ ಹೋಗಿ ಕೂತಿತು. ಹನ್ನೊಂದು ಆಮೇಲೆ ಬಂದು, ತನ್ನ ಜಾಗ ಹೋಯಿತಲ್ಲ ಎಂದು ಒಂದು ಗಂಟೆ ಬೈಯಿತು.

ಇಪ್ಪತ್ತನಾಲ್ಕನೇ ದಿನ ಮಧ್ಯಾಹ್ನ ಕಚೇರಿಯ ಫಲಕದ ಮೇಲೆ ಚೀಟಿ ಅಂಟಿಸಿದ್ದರು: ‘ವ್ಯಾನ್ ನಾಳೆ ಬೆಳಿಗ್ಗೆ ಎಂಟಕ್ಕೆ. ಹನ್ನೊಂದು ಮತ್ತು ಮೂವತ್ತನಾಲ್ಕನ್ನು ಇಂದೇ ಬೇರೆ ಬೇರೆ ಪೆಟ್ಟಿಗೆಗೆ ಹಾಕುವುದು.’ ಚಾಲಕನಿಗೆ ಆ ಕಡೆ ಬೇರೆ ಕೆಲಸ ಬಂದಿತ್ತಂತೆ, ಐದು ದಿನ ಮೊದಲೇ ಹೊರಟಿದ್ದ.

ಮರಿ ಬರಲು ಇನ್ನೂ ಎರಡು ದಿನ. ಆಟ ಅಲ್ಲಿಗೆ ಮುಗಿಯಿತು. ಕಾವಮ್ಮ ಏಪ್ರನ್ ಬಿಚ್ಚಿ ಮಡಿಚಿ ಕುರ್ಚಿಯ ಮೇಲಿಟ್ಟಳು, ನಾಳೆ ಇದನ್ನು ತೊಡುವವರು ಬೇರೆಯವರೇ ಇರಬಹುದು ಎಂದುಕೊಂಡು. ಮೆಟ್ಟಿಲು ಹತ್ತುವಾಗ ಹೇಳಬೇಕಾದ್ದನ್ನು ಮೂರು ಸಲ ಜೋಡಿಸಿಕೊಂಡಳು. ಯಂತ್ರದ ಕೋಣೆಯ ಬಾಗಿಲು ತಟ್ಟಿ ತಳ್ಳಿದಳು.

ಸಾಹೇಬರು ನೆಲದ ಮೇಲೆ ಮಂಡಿಯೂರಿ, ತಲೆಯನ್ನು ಕಪಾಟಿನ ಕೆಳಗೆ ತೂರಿಸಿದ್ದರು. ಒಂದು ಕಾಲುಚೀಲದ ಹಿಮ್ಮಡಿ ತೂತಾಗಿತ್ತು.

“ಬಾಗಿಲು ಹಾಕಿ,” ಎಂದಿತು ಕಪಾಟಿನ ಕೆಳಗಿನ ದನಿ.

ಹಾಕಿದಳು.

“ಬಿತ್ತು. ತೂಕ ಮಾಡುವಾಗ ಕೈ ಜಾರಿ ಬಿತ್ತು.” ಅವರು ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. “ಕಾವಮ್ಮನವರೇ, ಅದು ಒಡೀಲಿಲ್ಲ.”

ಅವಳು ಬಗ್ಗಿ ಕಪಾಟಿನ ಕೆಳಗೆ ನೋಡಿದಳು.

“ಎರಡು ಸಲ ಪುಟಿದು ಉರುಳ್ಕೊಂಡು ಕೆಳಗೆ ಹೋಯ್ತು. ಮೊಟ್ಟೆ ಯಾಕೆ ಒಡೆಯಲ್ಲ?”

ಕಾವಮ್ಮ ಮೂಲೆಯ ಕಸಬರಿಕೆ ತಂದು ಅದರ ಹಿಡಿಯಿಂದ ನಲವತ್ತೊಂದನ್ನು ಎಳೆದು ಕೊಟ್ಟಳು. ಅವರು ಅದನ್ನು ಮೇಜಿಗೆ ಮೆಲ್ಲಗೆ ಬಡಿದರು. ಟಕ್. ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಟಕ್. ಬುಡದ ಸಂಖ್ಯೆ ನೋಡಿದರು. ಅವಳ ಮುಖ ನೋಡಿದರು. ಅರ್ಥವಾಗುವುದು ಎಷ್ಟು ನಿಧಾನದ ಕೆಲಸ ಎಂಬುದನ್ನು ಕಾವಮ್ಮ ಅವತ್ತು ಕಣ್ಣಾರೆ ಕಂಡಳು. ಈ ಗಳಿಗೆಗೆ ಎಂದು ಅವಳು ಬಸ್ಸಿನಲ್ಲಿ ಕೂತು ಎಂತೆಂಥ ಚುಚ್ಚುಮಾತು ಹೆಣೆದಿರಲಿಲ್ಲ. ತೂತುಬಿದ್ದ ಕಾಲುಚೀಲ ನೋಡಿದ ಮೇಲೆ ಒಂದೂ ನೆನಪಾಗಲಿಲ್ಲ.

“ಇಲ್ಲಿ ಸುಳ್ಳಿನದಕ್ಕೆ ಗುರುತು ಸಾರ್. ನಿಜವಾದ್ದಕ್ಕೆ ಬರೆಯಲ್ಲ.”

“ಹಾಗಾದ್ರೆ ಒಂಟಿಗಣ್ಣನ ಮೊಟ್ಟೆ...” ಅವರು ಕುರ್ಚಿ ಹಿಡಿದುಕೊಂಡರು.

“ಇದರ ಪಕ್ಕದಲ್ಲೇ ಇತ್ತು. ಈಗಲೂ ಅಲ್ಲೇ ಇದೆ.”

ಅವರು ಬಾಗಿಲ ಕಡೆ ನುಗ್ಗಿದರು. “ಓಡಬೇಡಿ ಸಾರ್,” ಎಂದಳು ಕಾವಮ್ಮ. “ಅವಕ್ಕೆ ಓಡೋ ಕಾಲು ಕಂಡ್ರೆ ಆಗಲ್ಲ. ಮತ್ತೆ ಚಪ್ಪಲಿ ಹಾಕ್ಕೊಳ್ಳಿ.”

ಗೂಡಿನ ಹಿಂಬದಿಯ ಹಲಗೆಗೆ ಇಬ್ಬರೂ ಕಿವಿಯಿಟ್ಟು ನಿಂತರು. ಆಮೇಲೆ ಬಾವಿಯ ತಳದಿಂದ ಬಂದಂತೆ ಒಂದು ಸಣ್ಣ ಕೀಚು. ಅದಕ್ಕೆ ಹನ್ನೊಂದರ ಗಂಟಲಿನಿಂದ ಕೆಳದನಿಯ ಉತ್ತರ. ಮತ್ತೊಂದು ಕೀಚು. ಬಾಗಿಲಿನಿಂದ ಮೂವತ್ತನಾಲ್ಕೂ ಏನೋ ಸೇರಿಸಿತು. ಚಿಪ್ಪಿನೊಳಗಿನ ಮರಿಗೆ ಆಗಲೇ ಇಬ್ಬರು ಬುದ್ಧಿ ಹೇಳುವವರು.

ಸಾಹೇಬರು ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ತೆಗೆದಾಗ ಕೇಳಿದರು, “ನಿಮಗೆ ಯಾವಾಗಿಂದ ಗೊತ್ತಿತ್ತು?”

“ಮೊದಲ ದಿನದಿಂದ.”

“ಹೇಳಬೇಕಿತ್ತು.”

“ಹೇಳಬೇಕಿತ್ತು,” ಎಂದು ಒಪ್ಪಿದಳು. “ಹೇಳಿದ್ರೆ ಇದನ್ನೂ ಎತ್ಕೊಂಡು ಮೇಲೆ ಹೋಗ್ತಿದ್ರಿ. ಈಗ ಯಂತ್ರದಲ್ಲಿ ತೇವ ಎಷ್ಟಿದೆ ಸಾರ್?”

ತೇವ ಪೂರ್ತಿ ಇಳಿದು ಯಂತ್ರದ ಒಳಗೆಲ್ಲ ಮರುಭೂಮಿಯಾಗಿತ್ತು. ನಿಜವಾದ ಮೊಟ್ಟೆ ಇದ್ದಿದ್ದರೆ ತೂಕ ತಾನೇ ಇಳಿಯುತ್ತಿತ್ತು, ತೇವ ಇಳಿಸುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ಕಾವಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅದನ್ನು ಎತ್ತಿ ಹೇಳುವಷ್ಟು ಧರ್ಮಬುದ್ಧಿ ಅವಳಲ್ಲಿ ಉಳಿದಿರಲಿಲ್ಲ.

“ಇಪ್ಪತ್ತನಾಲ್ಕು ದಿನ ತೂಕ ಬರೆದಿದೀನಿ,” ಎಂದರು ಸಾಹೇಬರು. “ಮೂವರಿಗೆ ಪತ್ರ ಬರೆದಿದೀನಿ. ಒಬ್ಬರು ಪ್ರಕಟಿಸಿ ಅಂದಿದ್ದಾರೆ. ಆ ಹಾಳೆ ಹರಿದು ಹಾಕ್ಲಾ?”

“ಯಾಕೆ ಸಾರ್? ತೂಕ ಸರಿಯಾಗೇ ಇದೆ.”

ಅವರ ಬಾಯಿಂದ ಒಂದು ಸದ್ದು ಹೊರಟಿತು. ಅಳುವೋ ಎಂದು ಅವಳು ಹೆದರಿದಳು. ನಗು. ಮೂರು ತಿಂಗಳಲ್ಲಿ ಮೊದಲ ಸಲ ಅವರು ನಕ್ಕಿದ್ದು, ಅಭ್ಯಾಸವಿಲ್ಲದ್ದರಿಂದ ಕೆಮ್ಮಿನ ಹಾಗೆ ಬಂತು. ಮೂವತ್ತನಾಲ್ಕು ಒಳಗಿನಿಂದ ಗದರಿಸಿತು.

“ವ್ಯಾನಿನವನಿಗೆ ಏನು ಹೇಳೋದು?” ಅವರು ಈಗ ಪಿಸುಮಾತಿನಲ್ಲಿ ಕೇಳಿದರು. “ಹೊರಟಾಗಿದೆ. ಕಾರಣ ಬೇಕು.”

“ಬಾಣಂತಿ, ಕಳಿಸೋ ಹಾಗಿಲ್ಲ ಅಂತ ಹೇಳಿ.”

“ಯಾವುದು ಬಾಣಂತಿ?”

“ಎರಡೂ.”

ಮರಿ ಇಪ್ಪತ್ತಾರನೇ ದಿನ ಬೆಳಿಗ್ಗೆ ಬಂತು. ಹೆಬ್ಬೆಟ್ಟಿನ ಗಾತ್ರ, ಮೈಮೇಲೆ ಒಂದು ಗರಿಯಿಲ್ಲ, ತಲೆ ಮಾತ್ರ ಮೈಗಿಂತ ಭಾರ. ಹನ್ನೊಂದು ಮೂವತ್ತನಾಲ್ಕಕ್ಕೆ ತುತ್ತು ಕೊಟ್ಟಿತು, ಮೂವತ್ತನಾಲ್ಕು ಅದನ್ನೇ ಮರಿಗೆ ಕೊಟ್ಟಿತು, ಸಾಲದೆಂದು ಹನ್ನೊಂದು ತಾನೂ ಕೊಟ್ಟಿತು. ಹತ್ತು ದಿನದಲ್ಲಿ ಮರಿಯ ಹೊಟ್ಟೆ ನಗಾರಿಯಂತಾಯಿತು. ಸಾಹೇಬರು ದಿನಕ್ಕೆ ಎರಡು ಸಲ ಚಪ್ಪಲಿ ಕಳಚಿ, ಬೆಕ್ಕಿನ ಹೆಜ್ಜೆಯಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದರು. ವರ್ಗಾವಣೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದು ‘ಸಾಕುಜೋಡಿ, ಬೇರ್ಪಡಿಸತಕ್ಕದ್ದಲ್ಲ’ ಎಂದು ಬರೆದರು. ಅದನ್ನು ಕಂಪ್ಯೂಟರಿಗೆ ತುಂಬಲು ಹೋದರೆ ಅದು ಒಪ್ಪಲಿಲ್ಲ. ಜೋಡಿಯ ಎರಡು ಖಾನೆಯಲ್ಲಿ ಒಂದಕ್ಕೆ ಗಂಡೇ ಬೇಕೆಂದು ಹಟ ಹಿಡಿಯಿತು. ಸಾಹೇಬರು ಒಂದು ದಿನ ಅದರ ಜೊತೆ ಗುದ್ದಾಡಿ, ಮರುದಿನ ದಫ್ತರವನ್ನೇ ತೆಗೆದು ಕೈಯಲ್ಲಿ ಬರೆದರು.

ಮುಂದಿನ ಭಾನುವಾರ ಅವರು ಮನೆಗೇ ಬಂದರು, ಇನ್ನೂ ಆರು ಸುಳ್ಳುಮೊಟ್ಟೆ ಬೇಕೆಂದು. ನಲವತ್ತೊಂದನ್ನೂ ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ನಾದಿನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, ಸುತ್ತ ತಿರುಗಿಸಿ ನೋಡಿದಳು.

“ಎಷ್ಟು ಎತ್ತರದಿಂದ ಬಿತ್ತು?”

“ಮೇಜಿನ ಎತ್ತರ.”

“ಒಂದು ಬಿರುಕಿಲ್ಲ,” ಎಂದಳು ಅತ್ತಿಗೆಯ ಕಡೆ ತಿರುಗಿ. ಆಮೇಲೆ ಸಾಹೇಬರ ಬಾಯಿಯನ್ನು ದಿಟ್ಟಿಸಿದಳು. “ಕೆಳಗಡೆ ಎಡಕ್ಕೆ ಒಂದು ಹಲ್ಲು ಹೋಗಿದೆ ಅಲ್ವಾ? ಬಲಗಡೆಯಲ್ಲೇ ಅಗೀತೀರಿ. ಹಾಗೇ ಬಿಟ್ರೆ ಪಕ್ಕದ್ದೂ ವಾಲತ್ತೆ.” ಸಾಹೇಬರು ತುಟಿ ಬಿಗಿದು ಚಹಾ ಕುಡಿದರು.

ಅವರು ಹೊರಟು ಬಾಗಿಲವರೆಗೆ ಹೋಗಿ ಏನೋ ನೆನಪಾದಂತೆ ತಿರುಗಿದರು. “ವರದಿಯಲ್ಲಿ ನಿಮ್ಮ ಹೆಸರು ಹಾಕಬೇಕು. ಕಾವಮ್ಮ ಅನ್ನೋದರ ಮುಂದೆ ಇನಿಷಿಯಲ್ ಏನು?”

ಅತ್ತಿಗೆ ನಾದಿನಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇನಿಷಿಯಲ್ ಇಲ್ಲ ಸಾರ್,” ಎಂದಳು ನಾದಿನಿ. “ಬರೀ ಕಾವಮ್ಮ.”

ಅವರು ಹೋದ ಮೇಲೆ ಅವಳು ನಲವತ್ತೊಂದನ್ನು ಷೋಕೇಸಿನಲ್ಲಿ, ಅಣ್ಣನ ಫೋಟೋದ ಪಕ್ಕದಲ್ಲಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಒಂದಿಷ್ಟು ಎಡಕ್ಕೆ ಸರಿಸಿದಳು.

“ದೊಡ್ಡ ಓದು ಓದಿದವರಿಗೂ ಗೊತ್ತಾಗಲಿಲ್ಲ. ಹಕ್ಕಿಗಳಿಗೂ ಗೊತ್ತಾಗಲಿಲ್ಲ. ಅಲ್ವಾ ಅತ್ತಿಗೆ?”

ಕಾವಮ್ಮನಿಗೆ ಟಾರ್ಚ್ ಹಿಡಿದು ನಿಂತ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಸಾಹೇಬರ ಗವಸಿನ ಕೈ ಒಳಗೆ ಬಂದಾಗ ಮೂವತ್ತನಾಲ್ಕು ಅದರ ಬೆರಳು ಕಚ್ಚಿ ನೇತಾಡುತ್ತಿತ್ತು. ಹನ್ನೊಂದು ಕಚ್ಚಲಿಲ್ಲ. ಒಂದು ಮೊಟ್ಟೆಯನ್ನು ಎದೆಯ ಕೆಳಗೆ ಎಳೆದುಕೊಂಡು ಕೂತು, ಇನ್ನೊಂದನ್ನು, ಬುಡದಲ್ಲಿ ನಲವತ್ತೊಂದು ಎಂದಿದ್ದುದನ್ನು, ಕೊಕ್ಕಿನಿಂದ ಮೆಲ್ಲಗೆ ಉರುಳಿಸುತ್ತ ಉರುಳಿಸುತ್ತ ತಂದು ಆ ಕೈಯೊಳಗೆ ಹಾಕಿತ್ತು, ಬಾಗಿಲಿಗೆ ಬಂದವರಿಗೆ ಹಳೇ ಸೀರೆ ಕೊಟ್ಟು ಕಳಿಸುವಂತೆ.

“ಇಲ್ಲ,” ಎಂದಳು ಕಾವಮ್ಮ. “ಅವಕ್ಕೂ ಗೊತ್ತಾಗಲಿಲ್ಲ.”

ಇಷ್ಟು ದಿನದಲ್ಲಿ ಅವಳು ಹೇಳಿದ ಸುಳ್ಳು ಇದೊಂದೇ. ಹೇಳಿ, ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.